ಒಂದು ಅಂಗಿಯ ಹೊತ್ತು

ನನ್ನದು ಚಪ್ಪಲಿ ಅಂಗಡಿ. ಈ ವ್ಯಾಪಾರಕ್ಕೆ ಕೂತವನಿಗೆ ಜನರನ್ನು ಕಾಲಿನಿಂದ ಮೇಲಕ್ಕೆ ನೋಡುವ ಅಭ್ಯಾಸ ಬಂದುಬಿಡುತ್ತದೆ. ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡಿದರೆ ಆಸಾಮಿ ಅವಸರದವನೋ ಆರಾಮದವನೋ ತಿಳಿಯುತ್ತದೆ. ಅಂಗಡಿಯ ಪಕ್ಕದ ಗೋಡೆಗೆ ತಳ್ಳುಗಾಡಿ ಆನಿಸಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದವನ ಚಪ್ಪಲಿಯಷ್ಟು ವಿಚಿತ್ರವಾದ್ದನ್ನು ನಾನು ಕಂಡಿಲ್ಲ. ಎಡಗಾಲಿನದ್ದು ಕಾಗದದಷ್ಟು ತೆಳ್ಳಗೆ, ಬಲಗಾಲಿನದ್ದು ನಿನ್ನೆ ಕೊಂಡ ಹಾಗೆ. ದಿನವಿಡೀ ಎಡಗಾಲಿನ ಮೇಲೆ ಭಾರ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದ.

"ಒಂದು ಕಾಲಿಂದು ಮಾತ್ರ ಕೊಡ್ತೀರಾ ಸಾಹುಕಾರ್ರೇ?" ಎಂದು ಆಗಾಗ ಕೇಳುತ್ತಿದ್ದ.

ನಾನು ಕೊಡುತ್ತಿರಲಿಲ್ಲ. ಅರ್ಧ ಜೊತೆ ಮಾರುವಷ್ಟು ಹುಚ್ಚು ನನಗೆ ಹಿಡಿದಿರಲಿಲ್ಲ.

ಬೀದಿಯವರು ಅವನನ್ನು ಗರಿಗರಿ ಮಾಮ ಎನ್ನುತ್ತಿದ್ದರು. ಊರವರ ಅಂಗಿಗಳನ್ನೆಲ್ಲ ಗರಿಗರಿ ಮಾಡಿ ಕೊಡುವವನ ಮೈಮೇಲಿನ ಅಂಗಿ ಮಾತ್ರ ಹಸುವಿನ ಬಾಯಿಂದ ಕಿತ್ತುಕೊಂಡು ಬಂದ ಹಾಗಿರುತ್ತಿತ್ತು. ಮಾಮನ ಹೆಂಡತಿ ಅತ್ತೆಯಾಗಬೇಕಿತ್ತು; ಆದರೆ ಆಕೆ ಎಲ್ಲರಿಗೂ ಅಕ್ಕ. ಬೀದಿಯ ಸಂಬಂಧಗಳನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಮಣಿಕಟ್ಟಿಗೆ ಗಡಿಯಾರ ಕಟ್ಟುವ ಯೋಗ ಮಾಮನಿಗಿರಲಿಲ್ಲ. ಇದ್ದಿಲಿನ ಪೆಟ್ಟಿಗೆ ಹಿಡಿದ ಕೈಗೆ ಕೆಳಗಿನಿಂದ ಕಾವು ಹೊಡೆಯುತ್ತಲೇ ಇರುತ್ತದೆ. ಗಡಿಯಾರದ ಸ್ಟೀಲು ಕಾದು ಚರ್ಮ ಸುಡುತ್ತದೆ. ಎಡಗೈಗೆ ಕಟ್ಟಿಕೊಳ್ಳಬಹುದಲ್ಲ ಎಂದರೆ, ಬಟ್ಟೆ ಎಳೆದು ಹಿಡಿಯುವುದು ಅದೇ ಕೈ. ನಯವಾದ ಬಟ್ಟೆಯಾದರೆ ಬಕಲು ಸಿಕ್ಕಿ ನೂಲು ಎದ್ದುಬರುತ್ತದೆ. ಮಗಳ ಮದುವೆಯಾದ ಹೊಸದರಲ್ಲಿ ಅಳಿಯ ಒಂದು ವಾಚು ತಂದು ತಾನೇ ಬಲಗೈಗೆ ಕಟ್ಟಿದ್ದ. ಅಳಿಯನ ಮನಸ್ಸು ನೋಯಿಸಬಾರದೆಂದು ಮಾಮ ಅದನ್ನು ಹಾಕಿಕೊಂಡೇ ಒಂದು ಬೆಳಿಗ್ಗೆ ಕೆಲಸ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಬಲ ಮಣಿಕಟ್ಟಿನ ಮೇಲೆ ಗುಂಡಗೆ ಕೆಂಪು ಗುರುತು. "ನೋಡಿ, ಅಳಿಯಂದ್ರು ಮುದ್ರೆ ಒತ್ತಿ ಹೋಗಿದ್ದಾರೆ" ಎಂದು ಅಕ್ಕ ಆ ಕೈಯನ್ನು ಬೀದಿಗೆಲ್ಲ ತೋರಿಸಿ ನಕ್ಕಳು. ವಾಚು ಮನೆಯ ಟ್ರಂಕು ಸೇರಿತು.

ನನ್ನ ಅಂಗಡಿಯಲ್ಲಿ ದೊಡ್ಡದೊಂದು ಗೋಡೆ ಗಡಿಯಾರವಿತ್ತು, ಗಾಡಿಯ ಹತ್ತಿರದಿಂದಲೇ ಕಾಣುತ್ತಿತ್ತು. ಅದನ್ನು ನಾನು ಕೆಲವು ನಿಮಿಷ ಹಿಂದೆ ಇಟ್ಟಿರುತ್ತಿದ್ದೆ. ಹೊತ್ತಾಯಿತೆಂದು ಗಿರಾಕಿ ಎದ್ದು ಹೋಗುವುದಕ್ಕಿಂತ, ಇನ್ನೂ ಹೊತ್ತಿದೆಯೆಂದು ಇನ್ನೊಂದು ಜೊತೆಗೆ ಕಾಲು ತೂರಿಸುವುದು ಒಳ್ಳೆಯದಲ್ಲವೇ? ಗಿರಾಕಿಗಳಿಗೆ ಗೊತ್ತಾಗದ ಈ ಗುಟ್ಟು ಮಾಮನಿಗೆ ಮೊದಲ ವಾರವೇ ಗೊತ್ತಾಗಿತ್ತು. "ನಿಮ್ಮ ಗಡಿಯಾರ ವ್ಯಾಪಾರ ಮಾಡುತ್ತೆ ಸಾಹುಕಾರ್ರೇ, ಹೊತ್ತು ಹೇಳಲ್ಲ" ಎಂದು ಅದರತ್ತ ನೋಡುವುದನ್ನೇ ಬಿಟ್ಟ. ಮೊಬೈಲು ಇನ್ನೂ ಎಲ್ಲರ ಜೇಬಿಗೂ ಇಳಿಯದ ಕಾಲ ಅದು.

ಅವನ ಹೊತ್ತು ಬೇರೆ ಇತ್ತು. ಟೀ ಕುಡಿದು ಬರಲು ಒಂದು ಪ್ಯಾಂಟು. ಬಸ್‌ಸ್ಟ್ಯಾಂಡಿಗೆ ನಡೆದು ಹೋಗಲು ಒಂದು ಬೆಡ್‌ಶೀಟು, ದಿಂಬಿನ ಕವರುಗಳೂ ಸೇರಿ. ಮೋಡ ಕವಿದರೆ ತಲೆಯೆತ್ತಿ ನೋಡಿ, "ಮೂರು ಅಂಗಿ. ಹೆಚ್ಚಂದ್ರೆ ನಾಲ್ಕು. ಆಮೇಲೆ ಹುಯ್ಯುತ್ತೆ" ಎನ್ನುತ್ತಿದ್ದ. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು, ಬೀದಿಯವರು ನಾವು ಹೊರಗಿಟ್ಟ ಸರಕು ಒಳಗೆ ತರುತ್ತಿದ್ದೆವು. ಮಗಳು ಹುಟ್ಟಿದಾಗ ಅಕ್ಕ ಎಷ್ಟು ಹೊತ್ತು ನೋವು ತಿಂದಳು ಎಂದು ಯಾರೋ ಕೇಳಿದರೆ, "ಎರಡು ದೊಡ್ಡ ಬಟ್ಟೆ ಗಂಟು, ಒಂದು ಸಣ್ಣ ಗಂಟು" ಎಂದಿದ್ದನಂತೆ. ಹೆರಿಗೆ ಕೋಣೆಯ ಹೊರಗೆ ಕೂತು ಮನಸ್ಸಿನಲ್ಲೇ ಇಸ್ತ್ರಿ ಮಾಡಿದ್ದನೇನೋ.

ಅಕ್ಕನ ಜಾಗ ಗಾಡಿಯ ಎಡಕ್ಕೆ, ಬೋರಲು ಹಾಕಿದ ಒಂದು ಮರದ ಪೆಟ್ಟಿಗೆ. ಮನೆಮನೆಯ ಗಂಟು ಬಿಚ್ಚುವುದು, ಬಟ್ಟೆ ವಿಂಗಡಿಸುವುದು, ನೀರು ಚಿಮುಕಿಸಿ ಉಂಡೆ ಸುತ್ತಿ ಇಡುವುದು, ಇದ್ದಿಲಿಗೆ ಗಾಳಿ ಹಾಕುವುದು, ಮಡಿಸಿದ ಬಟ್ಟೆ ಒಟ್ಟಿ ಕಟ್ಟುವುದು, ಎಲ್ಲ ಆಕೆಯದು. ಮಾಮ ಕತ್ತು ತಿರುಗಿಸದೆ ಎಡಗೈ ಚಾಚುತ್ತಿದ್ದ. ಹದವಾಗಿ ನೆನೆದ ಅಂಗಿ ಅಂಗೈಗೆ ಬಂದು ಬೀಳುತ್ತಿತ್ತು. ಕಾಲರು, ಹೆಗಲು, ತೋಳು, ಎದೆ, ಬೆನ್ನು. ಮಡಿಸಿ ಬಲಕ್ಕೆ ತಳ್ಳಿ ಮತ್ತೆ ಎಡಗೈ ಚಾಚಿದರೆ ಮತ್ತೊಂದು. ಇಡೀ ದಿನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೈದಾಟ ಮಾತ್ರ ನಿಂತದ್ದಿಲ್ಲ.

"ಇದೇನು, ಅಂಗಿ ಕೊಟ್ಟೆಯೋ ಬಾವಿಯಿಂದ ಎತ್ತಿ ಕೊಟ್ಟೆಯೋ?"

"ನಿಮ್ಮ ಪೆಟ್ಟಿಗೇಲಿ ಬೆಂಕಿ ಇದ್ರೆ ತಾನೇ ಒಣಗೋದು. ಮೊದಲು ಅದನ್ನ ನೋಡ್ಕೊಳ್ಳಿ."

"ಬೆಂಕಿ ಪೆಟ್ಟಿಗೇಲಿ ಎಲ್ಲಿ ಉಳಿದಿದೆ? ಎಲ್ಲ ನಿನ್ನ ಬಾಯಿಗೆ ಸೇರಿದೆ."

"ಹಾಗಾದ್ರೆ ನನ್ನ ಬಾಯಿಂದಾನೇ ಇಸ್ತ್ರಿ ಮಾಡಿ, ಇದ್ದಿಲು ಉಳಿಯುತ್ತೆ!"

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನನಗೆ ಇದೇ ರೇಡಿಯೋ.

ಒಂದು ಬೇಸಗೆಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದಳು. ಮಾತು ಕಡಿಮೆಯಾಯಿತು, ಅಲ್ಲಿಗೇ ನಾವು ಗಾಬರಿಯಾಗಬೇಕಿತ್ತು. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದರೆ ಹೊಟ್ಟೆಯೊಳಗೆ ಗೆಡ್ಡೆ ಬೆಳೆದಿದೆ, ಮೈಯಲ್ಲಿ ರಕ್ತ ಸಾಲದು, ಸೇರಿಸಿ, ರಕ್ತ ಕೊಟ್ಟು ಆಮೇಲೆ ಆಪರೇಷನ್ ಮಾಡುತ್ತೇವೆ ಎಂದರು. ಹೆಂಗಸರ ವಾರ್ಡು. ಗಂಡಸರನ್ನು ಒಳಗೆ ಬಿಡುವುದು ಸಂಜೆ ಒಂದು ಗಂಟೆ ಕಾಲ ಮಾತ್ರ, ಐದರಿಂದ ಆರು. ಆರು ಹೊಡೆದರೆ ಕಬ್ಬಿಣದ ಗೇಟು ಮುಚ್ಚಿಬಿಡುತ್ತಿತ್ತು. ಮಗಳು ಬೇರೆ ಊರಿನಲ್ಲಿ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಅಕ್ಕನನ್ನು ನೋಡಲು ಇದ್ದವನು ಗಂಡ ಒಬ್ಬನೇ. ಗಂಡನಿಗಿದ್ದದ್ದು ಆ ಒಂದು ಗಂಟೆಯೇ.

ಮೊದಲ ದಿನ ಮಾಮ ಲೆಕ್ಕ ಹಾಕಿದ. ಊಟ ಮುಗಿಸಿ ಪೆಟ್ಟಿಗೆಗೆ ಕೆಂಡ ತುಂಬಿದರೆ, ಡಾಕ್ಟರ ಮನೆಯ ಗಂಟು, ವಕೀಲರ ಮನೆಯ ಗಂಟು, ಹಾಸ್ಟೆಲಿನ ಹುಡುಗಿಯರ ಗಂಟು. ಈ ಮೂರು ಮುಗಿದರೆ ನಾಲ್ಕೂವರೆ. ಎಷ್ಟೋ ವರ್ಷಗಳಿಂದ ಹಾಗೇ ಇತ್ತು. ಮೂರೂ ಮುಗಿಸಿ, ಕೈಕಾಲು ತೊಳೆದು ಹೊರಟ. ಮರುದಿನ ಬೆಳಿಗ್ಗೆ ಹೇಗಿದ್ದಾಳೆ ಎಂದು ಕೇಳಿದೆ.

"ಮುಖ ನೋಡೋಷ್ಟರಲ್ಲಿ ಹೊರಗೆ ಹಾಕಿದ್ರು. ಬಸ್ಸಿನವನು ದಾರೀಲೆಲ್ಲ ನೆಂಟರ ಮನೆ ಇರೋ ಹಾಗೆ ಎಲ್ಲ ಕಡೆ ನಿಲ್ಲಿಸಿದ."

ಎರಡನೆಯ ದಿನ ತಪ್ಪು ರಸ್ತೆ ಅಗೆಯುವವರದಾಯಿತು. ಮೂರನೆಯ ದಿನ ಆಸ್ಪತ್ರೆಯ ಗಡಿಯಾರದ್ದು. "ಅಲ್ಲೂ ನಿಮ್ಮಂಥೋರು ಯಾರೋ ಇದ್ದಾರೆ ಸಾಹುಕಾರ್ರೇ. ನೀವು ಹಿಂದೆ ಇಟ್ಟಿದ್ದೀರಿ, ಅವರು ಮುಂದೆ ಇಟ್ಟಿದ್ದಾರೆ."

ನಾನು ನನ್ನ ಕೈಗಡಿಯಾರ ನೋಡಿ, "ಹೊರಡಪ್ಪ, ಹೊತ್ತಾಯ್ತು" ಎಂದು ಕೂಗುತ್ತಿದ್ದೆ. ಅದು ಅವನ ಕಿವಿಗೆ ಬೀಳುತ್ತಿರಲಿಲ್ಲ ಎಂದಲ್ಲ. ಬಿದ್ದು ಅಲ್ಲೇ ಅಂಗಿಗಳಾಗಿ ಬದಲಾಗುತ್ತಿತ್ತು. ಮುಂದಿದ್ದ ರಾಶಿ ನೋಡಿ, "ಇನ್ನೂ ಹೊತ್ತಿದೆ ಬಿಡಿ, ಹಾಸ್ಟೆಲ್ ಗಂಟೇ ಬಿಚ್ಚಿಲ್ಲ" ಎನ್ನುತ್ತಿದ್ದ. ನಮ್ಮ ಮಾತಿಗಿಂತ ಅವನಿಗೆ ತನ್ನ ಕೈಯ ಮೇಲೆ ನಂಬಿಕೆ.

ಆ ವಾರ ಒಂದು ಸಂಜೆ ನಾನೂ ಹಣ್ಣು ಹಿಡಿದು ಜೊತೆಗೆ ಹೋದೆ. ಓಡಿ ಹೋದರೂ ಗೇಟು ಮುಚ್ಚಲು ಸ್ವಲ್ಪವೇ ಹೊತ್ತಿತ್ತು. ಉದ್ದನೆಯ ವಾರ್ಡು, ಎರಡು ಸಾಲು ಮಂಚ, ಫಿನಾಯಿಲ್ ವಾಸನೆ. ಅಕ್ಕ ಗೋಡೆಗೆ ದಿಂಬು ಒರಗಿಸಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಮುಖ ಸೋತಿತ್ತು, ಬಾಯಿ ಸೋತಿರಲಿಲ್ಲ.

"ಬಂದ್ರಾ? ಗೇಟು ಮುಚ್ಚೋನಿಗೆ ಸಹಾಯ ಮಾಡೋಕೆ ಬಂದ್ರೇನೋ ಅಂದ್ಕೊಂಡೆ."

"ನಾನು ಸರಿಯಾದ ಹೊತ್ತಿಗೇ ಬಿಟ್ಟೆ ಕಣೇ. ಹಾಸ್ಟೆಲ್ ಗಂಟು ಮುಗೀತು, ಬಿಟ್ಟೆ."

ಅಕ್ಕ ಅವನನ್ನೇ ನೋಡಿದಳು. "ಹಾಸ್ಟೆಲ್ ಗಂಟು ಬಿಚ್ಚಿದ್ದು ಯಾರು?"

"ನಾನೇ. ಇನ್ಯಾರು?"

"ನೀರು ಚಿಮುಕಿಸಿದ್ದು?"

"ನಾನೇ."

"ಕೆಂಡಕ್ಕೆ ಗಾಳಿ ಹಾಕಿದ್ದು, ಮಡಿಸಿದ್ದನ್ನ ಎಣಿಸಿ ಕಟ್ಟಿದ್ದು?"

ಮಾಮ ನನ್ನ ಕೈಯಿಂದ ಹಣ್ಣಿನ ಚೀಲ ತೆಗೆದು ಮಂಚದ ಮೇಲಿಟ್ಟ.

"ಇಷ್ಟು ವರ್ಷ ನಾನು ಆ ಪೆಟ್ಟಿಗೆ ಮೇಲೆ ಗಾಳಿ ತಗೊಳ್ಳೋಕೆ ಕೂತಿರ್ತಿದ್ದೆ ಅಂದ್ಕೊಂಡಿದ್ರಾ? ನಿಮ್ಮ ಒಂದು ಅಂಗಿ ಈಗ ಎರಡು ಅಂಗಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತೆ. ರೀ, ಎರಡು ಗಂಟಿಗೇ ನಿಲ್ಲಿಸಿ ಎದ್ದು ಬನ್ನಿ. ಆ ಹುಡುಗೀರು ಒಂದು ದಿನ ಸುಕ್ಕು ಬಟ್ಟೆ ಹಾಕ್ಕೊಂಡ್ರೆ ಯಾರೂ ಅವರನ್ನ ಬೇಡ ಅನ್ನಲ್ಲ."

ಪಕ್ಕದ ಮಂಚದ ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನನಗೂ ನಗು ಬಂತು. ಮಾಮ ಮಾತ್ರ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. "ಕೈ ನಿಧಾನ ಆಗಿದೆ ಅಂತಾಳೆ" ಎಂದ. ಅವಳು ಹಾಗೆ ಹೇಳಲಿಲ್ಲವಲ್ಲ ಎಂದೆ. "ಮತ್ತಿನ್ನೇನು?" ಎಂದು ಕಿಟಕಿಯಾಚೆ ಮುಖ ತಿರುಗಿಸಿದ.

ಆದರೂ ಮರುದಿನದಿಂದ ಎರಡೇ ಗಂಟಿಗೆ ಏಳತೊಡಗಿದ. ಗೊಣಗುತ್ತಲೇ ಎದ್ದ. ಹಾಸ್ಟೆಲಿನ ಗಂಟು ಬಿಚ್ಚದೆ ಗಾಡಿಯ ಕೆಳಗೆ ತಳ್ಳುವಾಗ ಅವನ ಮುಖ, ಅಳತೆ ಸಿಕ್ಕದೆ ವಾಪಸು ಹೋಗುವ ಗಿರಾಕಿಯನ್ನು ನೋಡುವ ನನ್ನ ಮುಖದ ಹಾಗೇ ಇರುತ್ತಿತ್ತು. ಆದರೆ ಗೇಟು ತೆರೆಯುವಾಗಲೇ ಅವನು ಅಲ್ಲಿರುತ್ತಿದ್ದ. ಮೊದಲ ದಿನವೇ ಅಕ್ಕ, "ಇದೇನು ಇಷ್ಟು ಜಲ್ದಿ? ಗಂಟಿಗೆ ಬೆಂಕಿ ಇಟ್ಟು ಬಂದ್ರಾ?" ಎಂದಳಂತೆ. ಅದನ್ನು ನನಗೆ ಎರಡೆರಡು ಸಲ ಹೇಳಿದ. ಆ ಕೆಲವು ದಿನ ಅವನು ಕೆಲಸ ಮಾಡುತ್ತಾ ಸಿಳ್ಳೆ ಹಾಕಿದ್ದೂ ಉಂಟು.

ಮುಂದಿನ ವಾರ ಆಪರೇಷನ್ನಿನ ದಿನ ಗೊತ್ತಾಯಿತು. ಬೆಳಿಗ್ಗೆ ಮೊದಲನೆಯದೇ ಅಕ್ಕನದು. ಹಿಂದಿನ ಸಂಜೆಯೇ ಮೈಮೇಲಿನ ಒಡವೆಯನ್ನೆಲ್ಲ ತೆಗೆದು ಮನೆಯವರ ಕೈಗೆ ಕೊಟ್ಟುಬಿಡಬೇಕೆಂದು ನರ್ಸು ಹೇಳಿದ್ದಳು. ಅಕ್ಕನ ಬಳಿ ಇದ್ದದ್ದು ಬಳೆ, ಮತ್ತೆ ಓಲೆ. ಓಲೆಯದೇ ತೊಂದರೆ. ಎಡಕಿವಿಯದರ ತಿರುಪು ವರ್ಷಗಳ ಹಿಂದೆಯೇ ಸೊಟ್ಟಗಾಗಿ ಕಚ್ಚಿಕೊಂಡಿತ್ತು. ಅದನ್ನು ಬಿಚ್ಚುವ ಉಪಾಯ ಮಾಮನೊಬ್ಬನಿಗೇ ಗೊತ್ತು: ಸೋಪಿನ ನೀರು ಬಿಟ್ಟು, ಓಲೆಯನ್ನು ಒಂದು ಉಗುರಿನಿಂದ ಒತ್ತಿ ಹಿಡಿದು, ತಿರುಪನ್ನು ಮೊದಲು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಬೇಕು. ಅವನ ಕೈಯಲ್ಲಾದರೂ ಅದು ಬಹಳ ಹೊತ್ತು ಹಿಡಿಯುವ ಕೆಲಸ.

"ನಾಳೆ ಬೇಗ ಬನ್ನಿ" ಎಂದಿದ್ದಳು ಅಕ್ಕ. "ಬೇರೆಯವರು ಕೈ ಹಾಕಿದ್ರೆ ಕಿವಿ ಹರಿಯುತ್ತೆ. ನೀವೇ ಬಿಚ್ಚಬೇಕು. ನನಗೆ ಆಪರೇಷನ್‌ಗಿಂತ ಇದರದ್ದೇ ಭಯ ಆಗಿದೆ."

ಇದನ್ನೂ ಅವನು ನನಗೆ ಹೇಳಿದ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ನಾನು, ನಾಳೆ ಬಸ್ಸು ಬೇಡ, ನನ್ನ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದೆ.

ಆ ದಿನ ಮಾಮ ವಕೀಲರ ಗಂಟನ್ನೂ ಪೂರ್ತಿ ಮಾಡಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಮುಖ ತೊಳೆದು, ನೀರು ಹಚ್ಚಿ ತಲೆ ಬಾಚಿಕೊಂಡ. ಎಂದೂ ಇಲ್ಲದ್ದು, ತಾನು ಹಾಕಿಕೊಳ್ಳುವ ಅಂಗಿಗೂ ಒಂದು ಸಲ ಪೆಟ್ಟಿಗೆ ಓಡಿಸಿದ್ದ. ನಾನು ಸ್ಕೂಟರು ಬೀದಿಗಿಳಿಸಿ ನಿಂತಿದ್ದೆ. ಕೆಂಡ ಸುರಿಯಲೆಂದು ಪೆಟ್ಟಿಗೆಯ ಮುಚ್ಚಳಕ್ಕೆ ಅವನು ಕೈ ಹಾಕುವಷ್ಟರಲ್ಲಿ ಬ್ಯಾಂಕಿನ ಮೇಡಂ ಬಂದರು.

ಒಳ್ಳೆಯ ಹೆಂಗಸು. ಹಳೇ ಗಿರಾಕಿ, ನನಗೂ ಅವನಿಗೂ. ಕೈಯಲ್ಲಿ ಒಂದೇ ಒಂದು ಬಿಳಿ ಅಂಗಿ, ಗಂಜಿ ಹಾಕಿ ಒಣಗಿಸಿ ಹಲಗೆಯಂತಾಗಿದ್ದದ್ದು.

"ನಮ್ಮವರಿಗೆ ನಾಳೆ ಬೆಳಿಗ್ಗೆ ಆಫೀಸಲ್ಲಿ ಬೀಳ್ಕೊಡುಗೆ ಮಾಮ. ಇದನ್ನೇ ಹಾಕ್ಕೋಬೇಕು ಅಂತ ಹಟ. ಅಕ್ಕ ಎಲ್ಲಿ, ಕಾಣ್ತಾ ಇಲ್ಲ?"

"ಆಸ್ಪತ್ರೇಲಿ ಇದ್ದಾಳಮ್ಮ. ಅಲ್ಲಿಗೇ ಹೊರಟಿದ್ದೆ."

"ಅಯ್ಯೋ, ನನಗೆ ಗೊತ್ತೇ ಇಲ್ವಲ್ಲ! ಹಾಗಿದ್ರೆ ಬಿಡಿ, ಬೇರೆ ಯಾವುದಾದ್ರೂ ಹಾಕ್ಕೊಳ್ತಾರೆ. ನೀವು ಹೋಗಿ ಮೊದಲು."

ಅವರು ತಿರುಗಿಯೂ ಆಗಿತ್ತು. ಕರೆದವನು ಮಾಮನೇ.

"ಕೊಡಿ ಇಲ್ಲಿ. ಒಂದು ಅಂಗಿ ತಾನೇ."

"ಏ ಮಾರಾಯ, ಸ್ಕೂಟರು ಹತ್ತು" ಎಂದೆ ನಾನು.

"ಒಂದು ಅಂಗಿ ಎಷ್ಟು ಹೊತ್ತು ಸಾಹುಕಾರ್ರೇ? ನೀವು ಗಾಡಿಗೆ ಕಿಕ್ ಹೊಡೆಯೋಷ್ಟರಲ್ಲಿ ಮುಗಿಯುತ್ತೆ. ಪೆಟ್ಟಿಗೆ ಇನ್ನೂ ಬಿಸಿ ಇದೆ."

ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸು ಕಳಿಸುವುದು ನಮ್ಮಂಥವರ ಕೈಲಾಗುವ ಕೆಲಸವಲ್ಲ. ನನ್ನ ಅಂಗಡಿಯ ಬಾಗಿಲು ಅರ್ಧ ಎಳೆದಾಗ ಯಾರಾದರೂ ಬಂದರೆ ನಾನೂ ಎತ್ತುತ್ತೇನೆ. ಅವನು ಅಂಗಿ ಹಾಸಿ ನೀರು ಚಿಮುಕಿಸಿದ. ಗಂಜಿ ಬಟ್ಟೆಗೆ ಅಷ್ಟು ಸಾಲದು. ಚೆನ್ನಾಗಿ ನೆನೆಸಿ, ಉಂಡೆ ಸುತ್ತಿ, ನೀರು ಒಳಗಿಳಿಯಲು ಬಿಡಬೇಕು. ಆ ಕಾಯುವ ಹೊತ್ತು ಅವನ ಲೆಕ್ಕದೊಳಗೆ ಎಂದೂ ಬಂದಿರಲಿಲ್ಲ, ಅದು ಎಡಗಡೆ ಅಕ್ಕನ ಮರದ ಪೆಟ್ಟಿಗೆಯ ಮೇಲೆ ಕಳೆಯುತ್ತಿದ್ದ ಹೊತ್ತು. ಅವಸರದಲ್ಲಿ ಒತ್ತಿದ. ಕಾಲರು ಗುಳ್ಳೆ ಎದ್ದಿತು. ಮತ್ತೆ ನೆನೆಸಿದ. ಅಷ್ಟರಲ್ಲಿ ಕೆಂಡ ಬೂದಿ ಕಟ್ಟಿ ಪೆಟ್ಟಿಗೆ ಆರಿತು. ಗಾಳಿ ಹಾಕಿದ. ಒಂದು ಕಿಡಿ ಹಾರಿ ತೋಳಿನ ಮೇಲೆ ಮಸಿ ಬಿತ್ತು. ಅದನ್ನು ತೊಳೆದು ಮತ್ತೆ ಒಣಗಿಸಿ ಒತ್ತಬೇಕಾಯಿತು. ಮೇಡಂ ನಿಂತಲ್ಲೇ ಚಡಪಡಿಸಿ, "ಸಾಕು ಬಿಡಿ ಮಾಮ, ಹಾಗೇ ಕೊಡಿ" ಎಂದರು. "ಹಾಗೇ ಹೆಂಗಮ್ಮ ಕೊಡೋದು" ಎಂದ, ತಲೆಯೆತ್ತದೆ. ನಾನು ಎರಡು ಸಲ ಹಾರ್ನ್ ಹೊಡೆದೆ.

ಸ್ಕೂಟರು ಹತ್ತುವಾಗ, "ಎಷ್ಟಾಯ್ತು?" ಎಂದು ಕೇಳಿದ. ಅವನು ನನ್ನನ್ನು ಹೊತ್ತು ಕೇಳಿದ್ದು ಅದೇ ಮೊದಲು. ಹೇಳಿ ಏನು ಮಾಡುವುದಿತ್ತು? ಸ್ಕೂಟರನ್ನು ಎಷ್ಟು ಜೋರಾಗಿ ಓಡಿಸಬಹುದೋ ಅಷ್ಟು ಜೋರಾಗಿ ಓಡಿಸಿದೆ.

ಗೇಟು ಮುಚ್ಚಿತ್ತು.

ವಾಚ್‌ಮನ್ ಕೆಟ್ಟವನಲ್ಲ. ಹಿಂದಿನ ವಾರ ಗೇಟು ಮುಚ್ಚುವ ಹೊತ್ತಿಗೆ ಬಂದಾಗಲೆಲ್ಲ ಅವನೇ ಒಂದು ರೆಕ್ಕೆ ಸರಿಸಿ ಒಳಗೆ ಬಿಟ್ಟಿದ್ದ. "ಇವತ್ತು ಆಗಲ್ಲ ಮಾಮ. ದೊಡ್ಡ ಡಾಕ್ಟ್ರು ಒಳಗೇ ಇದ್ದಾರೆ. ನನ್ನ ಕೆಲಸ ಹೋಗುತ್ತೆ" ಎಂದು ಕೈ ಮುಗಿದ. ನಾನು ನನ್ನ ವ್ಯಾಪಾರದ ನಾಲಿಗೆಯನ್ನೆಲ್ಲ ಖರ್ಚು ಮಾಡಿದೆ. ಕಾಲಿಗೆ ಒಳ್ಳೆಯ ಬೂಟು ಕೊಡಿಸುತ್ತೇನೆ ಎಂದೂ ಅಂದೆ. ಅವನು ತನ್ನ ಹರಿದ ಬೂಟು ನೋಡಿಕೊಂಡ, ಆದರೆ ಬೀಗ ತೆಗೆಯಲಿಲ್ಲ. ಮಾಮ ಕಬ್ಬಿಣದ ಸರಳು ಹಿಡಿದು ಮಹಡಿಯ ಕಿಟಕಿಗಳನ್ನು ನೋಡುತ್ತಾ ನಿಂತ. ಅಷ್ಟು ದಿನ ಬಂದಿದ್ದರೂ ಹೊರಗಿನಿಂದ ಹೆಂಡತಿಯ ಕಿಟಕಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಮಂಚದ ಅಜ್ಜಿಯ ಸೊಸೆ ಊಟದ ಡಬ್ಬಿ ಹಿಡಿದು ಹೊರಗೆ ಬಂದಳು. ನಮ್ಮನ್ನು ನೋಡಿ ನಿಂತಳು.

"ಈಗ ಬಂದ್ರಾ? ಅಕ್ಕ ಬಟ್ಟಲಲ್ಲಿ ಸೋಪಿನ ನೀರು ಕಲಸಿ ಇಟ್ಕೊಂಡು ಕಾಯ್ತಾ ಇದ್ರು. ನಾನು ಬಿಚ್ತೀನಿ ಅಂದೆ, ಮುಟ್ಟೋಕೆ ಬಿಡ್ಲಿಲ್ಲ. ಆಮೇಲೆ ನರ್ಸಮ್ಮ ಬಂದ್ರು. 'ಇನ್ನೊಂದು ಸ್ವಲ್ಪ ಹೊತ್ತು ಸಿಸ್ಟರ್, ಈಗ ಬಂದ್ಬಿಡ್ತಾರೆ, ನಮ್ಮೋರು ಹೊರಟಿರ್ತಾರೆ' ಅಂತ ಎಷ್ಟು ಸಲ ಹೇಳಿದ್ರು ಅಂತೀರಿ..."

ಅವಳು ಊಟದ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಏನಾದ್ರೂ ಅಂದ್ಲಾ?" ಮಾಮ ಕೇಳಿದ.

"ವಾಚ್‌ಮನ್ ಜೊತೆ ಜಗಳ ಆಡಬೇಡಿ ಅಂತ ಹೇಳು ಅಂದ್ರು. ಬೆಳಿಗ್ಗೆ ಬಂದ್ರೆ ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ನೋಡಬಹುದಂತೆ."

ಬೆಳಿಗ್ಗೆ ಬೆಳಕು ಹರಿಯುವಾಗಲೇ ನಾವು ಅಲ್ಲಿದ್ದೆವು. ಸ್ಟ್ರೆಚರ್ ತಳ್ಳಿಕೊಂಡು ಬಂದರು. ಮಂಪರಿನ ಸೂಜಿ ಆಗಲೇ ಕೊಟ್ಟಾಗಿತ್ತು. ಹಸಿರು ಟೊಪ್ಪಿಯೊಳಗೆ ಅಕ್ಕನ ಮುಖ ಚಿಕ್ಕದಾಗಿ ಕಂಡಿತು. ಎಡಕಿವಿಯ ಮೇಲೆ ಹತ್ತಿ ಒತ್ತಿ ಪಟ್ಟಿ ಅಂಟಿಸಿದ್ದರು. ಮಾಮ ಪಕ್ಕದಲ್ಲೇ ನಡೆಯುತ್ತಾ, "ಬಂದಿದ್ದೀನಿ ಕಣೇ, ಬಂದಿದ್ದೀನಿ, ಇಲ್ಲೇ ಇದ್ದೀನಿ" ಎಂದ. ಅವಳ ಕಣ್ಣು ಅರ್ಧ ತೆರೆದಿತ್ತು. ನೋಡುತ್ತಿತ್ತು ಎಂದು ಹೇಳಲಾರೆ. ಬಾಗಿಲು ಮುಚ್ಚಿಕೊಂಡಿತು. ನರ್ಸು ಬಂದು ಬಟ್ಟೆಯ ಸಣ್ಣ ಪೊಟ್ಟಣವೊಂದನ್ನು ಅವನ ಕೈಗಿತ್ತಳು. ಬಳೆ, ಒಂದು ಓಲೆ, ಮತ್ತೆ ಎರಡು ತುಂಡಾದ ಇನ್ನೊಂದು ಓಲೆ.

"ತಿರುಪು ಬರ್ಲೇ ಇಲ್ಲ. ಕಟ್ ಮಾಡ್ಬೇಕಾಯ್ತು" ಎಂದಳು.

"ಕಿವಿ?"

"ಸ್ವಲ್ಪ ಹರಿದಿದೆ. ವಾಸಿಯಾಗುತ್ತೆ."

ವಾಸಿಯಾಗಲು ಹೊತ್ತಿರಲಿಲ್ಲ. ಹೊಟ್ಟೆಯೊಳಗಿದ್ದದ್ದು ಅವರು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತಂತೆ, ರಕ್ತ ನಿಲ್ಲಲಿಲ್ಲವಂತೆ. ಸಂಜೆ ಭೇಟಿಯವರಿಗೆಂದು ಗೇಟು ತೆರೆದಾಗ, ಒಳಗೆ ಬರುವವರನ್ನು ಸರಿಯಲು ಹೇಳಿ ನಾವು ಆಕೆಯನ್ನು ಹೊರಗೆ ತರುತ್ತಿದ್ದೆವು.

ಮಗಳು ಹಸುಗೂಸನ್ನು ಎತ್ತಿಕೊಂಡೇ ಬಂದಳು. ಕೆಲವು ದಿನ ಇದ್ದು, ನಮ್ಮಲ್ಲಿಗೆ ಬಂದುಬಿಡಪ್ಪಾ ಎಂದು ಕರೆದಳು. ಮಾಮ ಹೋಗಲಿಲ್ಲ. ಹೊರಡುವ ಮುಂಚೆ ಒಂದು ಬೆಳಿಗ್ಗೆ ಅವಳು ಮಗುವನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಮಲಗಿಸಿ, ಅಮ್ಮ ಕೂರುತ್ತಿದ್ದ ಪೆಟ್ಟಿಗೆಯ ಮೇಲೆ ಕೂತು ನೀರು ಚಿಮುಕಿಸಿ ಅಂಗಿ ಕೊಡತೊಡಗಿದಳು. ಅವನು ಒಂದೆರಡು ಇಸ್ತ್ರಿ ಮಾಡಿದ. ಆಮೇಲೆ, "ನೀನು ಏಳಮ್ಮ, ಮಗು ಅಳುತ್ತೆ" ಎಂದ. ಮಗು ಸುಖವಾಗಿ ನಿದ್ದೆ ಹೋಗಿತ್ತು. ಅವಳು ಎದ್ದಳು.

ಅವಳು ಊರಿಗೆ ಹೋದ ಮೇಲೆ ಮಾಮ ಒಬ್ಬನೇ ಕೆಲಸ ಮುಂದುವರಿಸಿದ. ಗಂಟು ಬಿಚ್ಚಿ, ಈ ಕಡೆ ಬಂದು ನೀರು ಚಿಮುಕಿಸಿ, ಆ ಕಡೆ ಹೋಗಿ ಒತ್ತಿ, ಮತ್ತೆ ಈ ಕಡೆ ಬಂದು ಕಟ್ಟಿ. ಬೈಯಲು ಯಾರೂ ಇರಲಿಲ್ಲ, ಬೈಸಿಕೊಳ್ಳಲೂ ಇರಲಿಲ್ಲ. ನಾನು ಒಂದೆರಡು ಸಲ ಆ ಕೆಲಸಕ್ಕೆ ಕೈ ಹಾಕಿ ನೋಡಿದೆ. "ಇದೇನು ಕೆಸರು ಮಾಡಿದ್ದೀರಿ?" ಎಂದನಾದರೂ ಆ ಬೈಗುಳದಲ್ಲಿ ಜೀವವಿರಲಿಲ್ಲ, ಸಾಹುಕಾರ್ರೇ ಎಂದು ಕೊನೆಗೊಂದು ಸೇರಿಸಿದ. ಬಟ್ಟೆ ತಂದವರು ಯಾವಾಗ ಬರಲಿ ಎಂದರೆ, "ಆದಾಗ ಬನ್ನಿ" ಎನ್ನುತ್ತಿದ್ದ. ಕೆಲವರು ಬೇರೆ ಕಡೆ ಹೋದರು.

ಹೀಗಿರುವಾಗ ಒಂದು ಮಧ್ಯಾಹ್ನ ಬ್ಯಾಂಕಿನ ಮೇಡಂ ಬಂದರು. ಗಂಡನಿಗೆ ನಿವೃತ್ತಿಯಾದ ಮೇಲೆ ಇಬ್ಬರೂ ಮಗನ ಮನೆಗೆ ಹೋಗಿ ಬಹಳ ದಿನ ಇದ್ದು ಬಂದಿದ್ದರು. ಕೈಯಲ್ಲಿ ದೊಡ್ಡ ಗಂಟು.

"ಚೆನ್ನಾಗಿದ್ದೀರಾ ಮಾಮ? ಅಕ್ಕ ಹೇಗಿದ್ದಾರೆ ಈಗ?"

ಗಲ್ಲಾದ ಹಿಂದೆ ಕೂತಿದ್ದ ನಾನು ಎದ್ದು ನಿಂತೆ.

"ಹೋದ್ಲಮ್ಮ" ಎಂದ ಮಾಮ, ಪೆಟ್ಟಿಗೆ ಒತ್ತುತ್ತಲೇ.

"ಅಯ್ಯೋ ದೇವರೇ! ಯಾವಾಗ?"

ನಮ್ಮ ಹಾಗೆ ತಾರೀಕು ಹೇಳುವವನಲ್ಲ ಅವನು. ಒಂದು ಕ್ಷಣ ಯೋಚಿಸಿದ.

"ಆ ಗಂಜಿ ಅಂಗಿ ತಂದಿದ್ರಲ್ಲ ನೀವು. ಅದರ ಮಾರನೇ ದಿನ."

ಗಿರಾಕಿಯ ಮಾತಿನ ಹಿಂದೆ ಏನಿದೆ ಎಂದು ಮುಖ ನೋಡಿ ತಿಳಿಯುವುದರಲ್ಲೇ ನನ್ನ ಆಯುಸ್ಸು ಕಳೆದಿದೆ. ಮಾಮನ ಮುಖದಲ್ಲಿ ಕೊಂಕಿರಲಿಲ್ಲ, ದೂರಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟೆನೋ ಇಲ್ಲವೋ ಎಂದು ಇನ್ನೊಮ್ಮೆ ನೆನಪು ಮಾಡಿಕೊಳ್ಳುತ್ತಿದ್ದ, ಅಷ್ಟೇ. ಆದರೆ ಮೇಡಂ ಗಾಡಿಯ ಅಂಚು ಹಿಡಿದುಕೊಂಡರು. ಗಂಟನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಮಾಮ ಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲಿಟ್ಟ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದು, ಗಂಟಿಗಾಗಿ ಕೈ ಚಾಚಿದ.

"ಕೊಡಿ ಅಮ್ಮ. ಎಷ್ಟಿವೆ?"

"ಇರಲಿ ಮಾಮ... ಇವತ್ತು ಬೇಡ."

"ಅವಸರ ಇದ್ರೆ ಬೇಡ" ಎಂದ. "ಇಲ್ಲ ಅಂದ್ರೆ ಬಿಟ್ಟು ಹೋಗಿ. ನನಗೇನು, ಹೋಗಬೇಕಾದ ಕಡೆ ಇಲ್ಲ."